ಕುಚಲಕ್ಕಿ ಬೇಯುವಷ್ಟು ಹೊತ್ತು



ಸಂಜೆ ಮನೆಗೆ ಸಿಗಡಿ ಬಂತು ಎನ್ನಿ. ಮೊದಲು ಮಾಡುವ ಕೆಲಸ ಸಿಗಡಿಯ ಪೊಟ್ಟಣ ಬಿಚ್ಚುವುದಲ್ಲ, ಅನ್ನಕ್ಕೆ ಎಸರಿಡುವುದು. ನಮ್ಮ ಕುಮಟಾ ಕಡೆಯ ಮನೆಗಳಲ್ಲಿ ಇದನ್ನು ಯಾರೂ ಪಾಠ ಮಾಡಿ ಹೇಳಿಕೊಡುವುದಿಲ್ಲ, ನೋಡಿ ನೋಡಿಯೇ ಬರುತ್ತದೆ. ಬೆಳ್ತಿಗೆ ಅಕ್ಕಿಯಾದರೆ 20 ನಿಮಿಷದಲ್ಲಿ ಅನ್ನವಾದೀತು. ಕುಚಲಕ್ಕಿಗೆ ಮುಕ್ಕಾಲು ಗಂಟೆ ಬೇಕು, ದಪ್ಪ ಕಾಳಿನದ್ದಾದರೆ ಒಂದು ಗಂಟೆಯೂ ಆಗುತ್ತದೆ. ಸಿಗಡಿಗೆ ಬೇಕಾದದ್ದು ಹೆಚ್ಚೆಂದರೆ 5 ನಿಮಿಷ. ನಿಧಾನದ್ದನ್ನು ಮೊದಲು ಒಲೆಗೇರಿಸಿ ಅವಸರದ್ದನ್ನು ಕೊನೆಗೆ ಇಟ್ಟುಕೊಂಡರೆ ಈ ಊಟದ ಅರ್ಧ ಕೆಲಸ ಮುಗಿದಂತೆಯೇ. ಇವತ್ತು ನಾನು ಆಡುವ ಮಾತೂ ಅಷ್ಟೇ. ಅನ್ನದ ಪಾತ್ರೆ ಒಲೆಯ ಮೇಲಿದೆ, ಅದು ಬೇಯುವಷ್ಟು ಹೊತ್ತು ಮಾತಾಡೋಣ.

ನಾಲ್ಕು ಜನರ ಮನೆ ಎಂದುಕೊಳ್ಳಿ. 2 ಲೋಟ ಕುಚಲಕ್ಕಿಯನ್ನು ಮೂರು ನೀರಿನಲ್ಲಿ ತೊಳೆಯಿರಿ. ನೀರು ಲೆಕ್ಕ ಹಾಕಿ ಅಳೆಯುವುದು ಬೇಡ, ದೊಡ್ಡ ಪಾತ್ರೆಯ ಮುಕ್ಕಾಲು ಭಾಗ ಎಸರು ಇರಲಿ. ಇದು ಬಸಿಯುವ ಅನ್ನ. ಕುಚಲಕ್ಕಿಯೆಂದರೆ ಭತ್ತವನ್ನು ನೆನೆಸಿ, ಸಿಪ್ಪೆಯ ಸಮೇತ ಕುದಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡಿದ್ದು. ಹಾಗೆ ಕುದಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದಷ್ಟು ಕಾಳಿನ ಒಳಕ್ಕೆ ಇಳಿಯುತ್ತವೆ. ಕಾಳಿನ ಪಿಷ್ಟವೂ ಗಟ್ಟಿಯಾಗುತ್ತದೆ. ಅದಕ್ಕೇ ಇದು ಬೇಯಲು ಇಷ್ಟು ಹೊತ್ತು, ಬೆಂದ ಮೇಲೂ ಅಗುಳು ಅಗುಳಾಗಿ ನಿಲ್ಲುತ್ತದೆ. ತೆಳ್ಳಗಿನ ಮೀನುಸಾರು ಸುರಿದರೆ ಮುದ್ದೆಯಾಗುವುದಿಲ್ಲ. ಸಾರಿಗೆ ತಕ್ಕ ಅನ್ನ ಇದೇ. ಸಣ್ಣಕ್ಕಿಯ ಅನ್ನಕ್ಕೆ ಸಿಗಡಿ ಸಾರು ಸುರಿದು ಉಂಡವರಿಗೆ ನಾನು ಹೇಳುವುದು ಒಂದೇ: ಒಮ್ಮೆ ಕುಚಲಕ್ಕಿಯಲ್ಲಿ ಉಂಡು ನೋಡಿ.

ಅಕ್ಕಿ ಬಿತ್ತು, ಕುದಿ ಬಂತು, ಉರಿ ಸಣ್ಣಗಾಯಿತು. ಈಗ ಸಿಗಡಿ.

ಹೆಸರಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಕರಾವಳಿಯಲ್ಲಿ ಹತ್ತು ಮೈಲಿಗೆ ಇದರ ಹೆಸರು ಬದಲಾಗುತ್ತದೆ. ನಮ್ಮಲ್ಲಿ ಶೆಟ್ಲಿ, ಕುಂದಾಪುರದವರಿಗೆ ಚಟ್ಲಿ, ತುಳುವರಿಗೆ ಎಟ್ಟಿ, ಕೊಂಕಣಿಯವರಿಗೆ ಸುಂಗಟ. ಪುಸ್ತಕದ ಕನ್ನಡದಲ್ಲಿ ಸಿಗಡಿ. ಮೀನು ಎಂದು ಕರೆದರೂ ಇದು ಮೀನಲ್ಲ, ಏಡಿಯ ಬಳಗದ್ದು. ಹತ್ತು ಕಾಲು, ಮೈಮೇಲೆ ಚಿಪ್ಪು, ಹಣೆಯ ಮೇಲೆ ಗರಗಸದಂಥ ಮುಳ್ಳು. ಆ ಮುಳ್ಳು ಬೆರಳಿಗೆ ಚುಚ್ಚಿದರೆ ಎರಡು ದಿನ ಉರಿಯುತ್ತದೆ, ಸ್ವಚ್ಛ ಮಾಡುವಾಗ ಜೋಪಾನ.

ಕೊಳ್ಳುವಾಗ ಕಣ್ಣಿಗಿಂತ ಕೈ, ಕೈಗಿಂತ ಮೂಗು ದೊಡ್ಡದು. ಹೊಸ ಸಿಗಡಿಗೆ ಸಮುದ್ರದ ಉಪ್ಪುಗಾಳಿಯ ವಾಸನೆ ಇರುತ್ತದೆ, ಅಷ್ಟೇ. ಮೂಗಿಗೆ ಅಡರುವ ಘಾಟು ಬಂದರೆ ಬೇಡ. ತಲೆ ಮೈಗೆ ಬಿಗಿಯಾಗಿ ಅಂಟಿರಬೇಕು, ಚಿಪ್ಪು ಜಾರಬಾರದು. ಸತ್ತ ಸಿಗಡಿ ಮೊದಲು ಕೆಡುವುದು ತಲೆಯ ಕಡೆಯಿಂದ, ಕಪ್ಪು ಕಲೆ ಅಲ್ಲಿಂದಲೇ ಹಬ್ಬುತ್ತದೆ. ತಲೆ ಜೋತುಬಿದ್ದ ಸಿಗಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ನಾಲ್ಕು ಜನರಿಗೆ ಒಂದು ಕಿಲೋ ತಂದರೆ ತಲೆ, ಚಿಪ್ಪು ಹೋಗಿ ಉಳಿಯುವುದು ಅರ್ಧ ಕಿಲೋ ಆಸುಪಾಸು. ಇದನ್ನು ತಿಳಿಯದೆ ಅರ್ಧ ಕಿಲೋ ಕೊಂಡು, ಬಡಿಸುವ ಹೊತ್ತಿಗೆ ತಟ್ಟೆಗೆ ಮೂರು ಮೂರು ಎಣಿಸಿ ಹಾಕುವ ಪಾಡು ಬೇಡ.

ತಲೆಯನ್ನು ತಿರುಚಿ ಕೀಳಿ. ಕಾಲು ತೆಗೆದು ಹೊಟ್ಟೆಯ ಕಡೆಯಿಂದ ಚಿಪ್ಪು ಬಿಡಿಸಿ. ಬಾಲದ ತುದಿ ಇರಲಿ, ಕೈಯಲ್ಲಿ ಹಿಡಿದು ತಿನ್ನಲು ಅನುಕೂಲ. ಬೆನ್ನಿನ ಮೇಲೆ ಚಾಕುವಿನಿಂದ ಸಣ್ಣಗೆ ಗೀರಿದರೆ ಕಪ್ಪು ನೂಲಿನಂಥದ್ದೊಂದು ಕಾಣುತ್ತದೆ. ಅದು ನರವಲ್ಲ, ಕರುಳು. ಮರಳೂ ಮಣ್ಣೂ ಅದರಲ್ಲೇ ಇರುತ್ತದೆ. ತುದಿ ಹಿಡಿದೆಳೆದರೆ ಒಂದೇ ಎಳೆಯಾಗಿ ಬರುತ್ತದೆ. ಪುಟ್ಟ ಸಿಗಡಿಗೆ ಇಷ್ಟು ಕಷ್ಟ ಬೇಡ, ದೊಡ್ಡದಕ್ಕೆ ಬೇಕೇ ಬೇಕು. ಎರಡು ನೀರಿನಲ್ಲಿ ತೊಳೆದು, ಉಪ್ಪು ಅರಿಸಿನ ಸವರಿ ಮುಚ್ಚಿಡಿ.

ತಲೆ ಮತ್ತು ಚಿಪ್ಪುಗಳನ್ನು ತೆಂಗಿನ ಬುಡಕ್ಕೆ ಎಸೆಯಲು ಹೋಗಬೇಡಿ, ತಡೆಯಿರಿ. ಈ ಒಂದು ವಿಷಯದಲ್ಲಿ ನನಗೆ ಹಟವಿದೆ. ಸಿಗಡಿಯ ರುಚಿಯ ಬಹುಪಾಲು ಇರುವುದು ಅಲ್ಲಿ. ಚೆನ್ನಾಗಿ ತೊಳೆದು, ಒಂದು ಚಮಚ ತೆಂಗಿನೆಣ್ಣೆಯಲ್ಲಿ ಬಾಡಿಸಿ. ಬೂದು ಬಣ್ಣ ನೋಡನೋಡುತ್ತ ಕೆಂಪಾಗುತ್ತದೆ. ಆ ಕೆಂಪು ಬೆಂಕಿಯಿಂದ ಹೊಸದಾಗಿ ಹುಟ್ಟಿದ್ದಲ್ಲ. ಸಿಗಡಿಯ ಮೈಯಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣ ಮೊದಲೇ ಇರುತ್ತದೆ, ಒಂದು ಪ್ರೋಟೀನು ಅದನ್ನು ಅಪ್ಪಿ ಹಿಡಿದು ಮರೆಮಾಡಿರುತ್ತದೆ. ಶಾಖ ತಾಗಿದಾಗ ಆ ಹಿಡಿತ ಬಿಡುತ್ತದೆ, ಕೆಂಪು ಹೊರಗೆ ಬರುತ್ತದೆ. ಬೆಂದ ಏಡಿ ಕೆಂಪಾಗುವುದೂ ಇದೇ ಕಾರಣಕ್ಕೆ. ಆಮೇಲೆ 2 ಲೋಟ ನೀರು ಹಾಕಿ ಕಾಲು ಗಂಟೆ ಕುದಿಸಿ ಸೋಸಿ. ಮಸಾಲೆಗೆ ಬೆರೆಸುವ ನೀರು ಇದೇ. ಬರೀ ನೀರು ಹಾಕಿ ಮಾಡಿದ ಸಾರಿಗೂ ಇದಕ್ಕೂ ಇರುವ ಅಂತರ ಒಮ್ಮೆ ನಾಲಗೆಗೆ ಗೊತ್ತಾದರೆ ಸಾಕು, ಆಮೇಲೆ ನೀವೂ ಚಿಪ್ಪು ಎಸೆಯಲಾರಿರಿ.

ಅತ್ತ ಅನ್ನದ ಪಾತ್ರೆಯ ಮುಚ್ಚಳ ಕುಣಿಯುತ್ತಿದೆ. ಸೌಟಾಡಿಸಿ ಬರೋಣ. ಇನ್ನೂ ಅರ್ಧ ಗಂಟೆಯಿದೆ. ಈ ಅರ್ಧ ಗಂಟೆಯಲ್ಲಿ ನಿಮ್ಮನ್ನು ಅಡುಗೆಮನೆಯಿಂದ ಅಘನಾಶಿನಿಯ ದಂಡೆಗೆ ಕರೆದೊಯ್ಯಬೇಕು. ಇವತ್ತು ನಾನು ಮಾತಾಡಲು ಒಪ್ಪಿದ್ದೇ ಅದಕ್ಕಾಗಿ.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲೂಕಿನಲ್ಲಿ ತದಡಿಗೂ ಅಘನಾಶಿನಿ ಊರಿಗೂ ನಡುವೆ ಕಡಲು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಹಾಗಾಗಿ ಮಳೆಗಾಲದ ಸಿಹಿನೀರು ಅಷ್ಟೂ ಅಳಿವೆಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಬಹಳ ಒಳಕ್ಕೆ ಏರುತ್ತದೆ. ಈ ಸಿಹಿ ಉಪ್ಪುಗಳ ಸರದಿಯನ್ನು ನಂಬಿ ನಮ್ಮ ಹಿರಿಯರು ಮಾಡಿದ ಬೇಸಾಯದ ನೆಲಕ್ಕೆ ಗಜನಿ ಎನ್ನುತ್ತಾರೆ. ಕೇರಳದ ಪೊಕ್ಕಾಳಿ, ಗೋವೆಯ ಖಾಜನ್ ಇದರ ಒಡಹುಟ್ಟುಗಳು.

ಗಜನಿಯಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಜೂನ್ ತಿಂಗಳ ಮಳೆ ಹೊಡೆದು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ನೀರು ಏರಿದಂತೆ ಪೈರೂ ಎತ್ತರಕ್ಕೆ ಏರುತ್ತದೆ. ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಉಪ್ಪು ತಾಗಿದರೂ ತಾಳಿಕೊಳ್ಳುತ್ತದೆ. ಮಳೆ ಕಳೆದ ಮೇಲೆ ತೆನೆ ಕೊಯ್ದು, ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ಗಜನಿಯ ಸುತ್ತ ಕಟ್ಟಿದ ಬಾಂದಿನ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಆ ನೀರಿನ ಜೊತೆ ಬರುವವರು ಯಾರು ಗೊತ್ತೇ? ಸಿಗಡಿ ಮರಿಗಳು.

ಸಿಗಡಿಯ ಬಾಳಿನ ದಾರಿ ವಿಚಿತ್ರವಾದದ್ದು. ತಾಯಿ ಮೊಟ್ಟೆಯಿಡುವುದು ಕಡಲಿನಲ್ಲಿ. ಕಣ್ಣಿಗೆ ಕಂಡೂ ಕಾಣದಂಥ ಮರಿಗಳು ಉಬ್ಬರದ ಬೆನ್ನೇರಿ ಅಳಿವೆಗೆ ಬರುತ್ತವೆ. ದೊಡ್ಡ ಮೀನುಗಳ ಕಾಟ ಕಡಿಮೆಯಿರುವ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ, ಗಜನಿಯ ಆಳವಿಲ್ಲದ ನೀರಿನಲ್ಲಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಮತ್ತೆ ಕಡಲಿಗೆ ಹೊರಡುತ್ತವೆ. ಅಂದರೆ ಗಜನಿ ಅವುಗಳಿಗೆ ತವರಲ್ಲ, ಸಾಕುತಾಯಿಯ ಮನೆ. ಕಗ್ಗದ ಹುಲ್ಲು ಕೊಳೆತು ಅದರಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳೇ ಅವುಗಳ ಆಹಾರ. ಸಿಗಡಿ, ಮೀನುಗಳು ಬಿಟ್ಟ ಕಸ ಮುಂದಿನ ವರ್ಷ ಕಗ್ಗಕ್ಕೆ ಗೊಬ್ಬರ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಉಬ್ಬರ ಇಳಿತದ ಸೆಳೆತ ಜೋರು. ಆಗ ಇಳಿಯುವ ನೀರಿಗೆ ಬಾಗಿಲಿನಲ್ಲಿ ಬಲೆಯೊಡ್ಡಿದರೆ ಬೆಳೆದ ಸಿಗಡಿ ಬಂದು ಬೀಳುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ಪಂಚಾಂಗ ನೋಡುವುದು ಹಬ್ಬಕ್ಕೆ ಮಾತ್ರವಲ್ಲ.

ಈಗ ತಟ್ಟೆಯನ್ನು ನೋಡಿ. ಅನ್ನ ಒಂದು ಕಡೆಯದು, ಸಿಗಡಿ ಇನ್ನೊಂದು ಕಡೆಯದು ಎಂದು ನಾವು ತಿಳಿದಿದ್ದೇವೆ. ಗಜನಿಯ ದಂಡೆಯ ಮನೆಯಲ್ಲಿ ಅವೆರಡೂ ಒಂದೇ ಗದ್ದೆಯವು. ಒಂದು ಆರು ತಿಂಗಳು ಭತ್ತ, ಇನ್ನೊಂದು ಆರು ತಿಂಗಳು ಸಿಗಡಿ, ಒಂದು ಮತ್ತೊಂದನ್ನು ಸಾಕುತ್ತದೆ. ಅನ್ನದ ಮೇಲೆ ಸಿಗಡಿ ಸಾರು ಸುರಿದಾಗ ಆ ಎರಡು ಬೆಳೆಗಳೂ ನಮ್ಮ ತಟ್ಟೆಯಲ್ಲಿ ಒಂದಾಗುತ್ತವೆ. ಚಿಕ್ಕಂದಿನಲ್ಲಿ ನನ್ನ ಅಜ್ಜಿ ಕಗ್ಗದ ಕೆಂಪು ಅನ್ನವನ್ನು ಬಡಿಸುವಾಗ ಇಂಥ ಮಾತು ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಅವಳಿಗಿರಲಿಲ್ಲ, ಅಂಗಳದಲ್ಲಿ ನಿಂತರೆ ಗಜನಿ ಕಾಣುತ್ತಿತ್ತು. ಹೇಳಬೇಕಾಗಿ ಬಂದಿರುವುದು ನನಗೆ.

ಏಕೆಂದರೆ ಈ ಜೋಡಿ ಮುರಿಯುತ್ತಿದೆ. ಹಿಂದೆ ಮಣ್ಣಿನ ಬಾಂದುಗಳನ್ನು ಊರವರೇ ವರ್ಷವರ್ಷ ಕೂಡಿ ಕಟ್ಟುತ್ತಿದ್ದರು. 1970ರ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಬಾಂದುಗಳು ಬಂದವು. ಆ ಶ್ರಮ ತಪ್ಪಿತು, ಜೊತೆಗೆ ಊರು ಕೂಡಿ ಕೆಲಸ ಮಾಡುವ ರೂಢಿಯೂ ಸಡಿಲವಾಯಿತು. ಆಮೇಲೆ ಸಿಗಡಿಗೆ ರಫ್ತಿನ ಬೆಲೆ ಬಂತು. ಕಗ್ಗಕ್ಕಿಂತ ಸಿಗಡಿಯೇ ಲಾಭ ಎಂದು ಗಜನಿಗಳನ್ನು ಗುತ್ತಿಗೆಗೆ ಕೊಟ್ಟರು. ವರ್ಷವಿಡೀ ಉಪ್ಪುನೀರು ನಿಂತಲ್ಲಿ ಭತ್ತ ಬೆಳೆಯುವುದಾದರೂ ಹೇಗೆ? 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಸಿಗಡಿ ಕೆರೆಗಳನ್ನು ಬರಿದು ಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ವಾಣಿಜ್ಯ ಸಿಗಡಿ ಕೆರೆಗಳನ್ನು ತೆಗೆಯಬೇಕೆಂದು ತೀರ್ಪು ಕೊಟ್ಟಾಗ, ಗಜನಿಯಂಥ ಹಿಂದಿನಿಂದ ಬಂದ ಪದ್ಧತಿಗಳನ್ನು ಅದರಿಂದ ಹೊರಗಿಟ್ಟಿತು. ಹಳೆಯ ಪದ್ಧತಿಯಿಂದ ತೀರಕ್ಕೆ ಕೇಡಿಲ್ಲ ಎಂಬುದನ್ನು ನ್ಯಾಯಾಲಯವೂ ಕಂಡಿತ್ತು. ಆದರೂ ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಬೀಜಕ್ಕೂ ಕಗ್ಗ ಉಳಿದಿರಲಿಲ್ಲ. ಮಾಣಿಕಟ್ಟಾದಂಥ ಊರಿನ ರೈತರು ಹಿಡಿದು ಉಳಿಸಿಕೊಂಡಿದ್ದರಿಂದ ಇವತ್ತು ನಾವು ಅದರ ಮಾತಾಡುತ್ತಿದ್ದೇವೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸರ್ ಪಟ್ಟಿಗೆ ಸೇರಿತು, ಜಗತ್ತಿನ ಮುಖ್ಯ ಜೌಗುನೆಲಗಳ ಸಾಲಿಗೆ ಬಂತು. ಸಂತೋಷ. ಪಟ್ಟಿಗೆ ಸೇರಿದ್ದರಿಂದಲೇ ಗದ್ದೆಯಲ್ಲಿ ಬೀಜ ಮೊಳೆಯುವುದಿಲ್ಲ ಎಂಬುದನ್ನೂ ಮರೆಯಬಾರದು.

ಒಲೆಯ ಕಡೆಗೆ ಹೋಗೋಣ. ಒಂದು ಅಗುಳು ಹಿಸುಕಿ ನೋಡಿ. ನಡುವೆ ಬಿಳಿ ಚುಕ್ಕೆ ಇನ್ನೂ ಇದ್ದರೆ 10 ನಿಮಿಷ ಬೇಕು. ಮಸಾಲೆ ಅರೆಯಲು ಅಷ್ಟು ಹೊತ್ತು ಸಾಕು.

ಅರ್ಧ ತೆಂಗಿನಕಾಯಿಯ ತುರಿ, ಹುರಿದ 8 ಬ್ಯಾಡಗಿ ಮೆಣಸು, ಒಂದೂವರೆ ಚಮಚ ಕೊತ್ತಂಬರಿ ಬೀಜ, ನಾಲ್ಕಾರು ಕಾಳುಮೆಣಸು, ಚಿಟಿಕೆ ಅರಿಸಿನ, ಅರ್ಧ ಈರುಳ್ಳಿ, ಗೋಲಿಯಷ್ಟು ಹುಣಸೆ. ಇಷ್ಟೇ. ನುಣ್ಣಗೆ ಅರೆಯಬೇಕು, ಬೆರಳಿಗೆ ತರಿ ಸಿಗಬಾರದು. ಹುಣಸೆಯ ಬದಲು ಮುರುಗಲ ಸಿಪ್ಪೆ ಹಾಕಬಹುದು, ಮಾವಿನಕಾಯಿ ಕಾಲದಲ್ಲಿ ಅದರ ನಾಲ್ಕು ಹೋಳು ಹಾಕಬಹುದು. ಬೇಸಿಗೆಯಾದರೆ ಕುಮಟೆಯ ಸಿಹಿ ಈರುಳ್ಳಿ ಸಿಗುತ್ತದೆ. ಹಂದಿಗೋಣ, ಅಳ್ವೆಕೋಡಿ ಕಡೆ ಹೆದ್ದಾರಿಯ ಪಕ್ಕದಲ್ಲಿ ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿ ಮಾರುತ್ತಾರಲ್ಲ, ಅದೇ. ಅದನ್ನು ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿದರೆ ಸಾರಿಗೆ ಬೇರೆ ಸಿಹಿಯೇ ಬೇಡ.

ಗರಂ ಮಸಾಲೆ, ಚಕ್ಕೆ, ಲವಂಗ, ಟೊಮೆಟೊ, ಶುಂಠಿ ಬೆಳ್ಳುಳ್ಳಿ ಎಲ್ಲವನ್ನೂ ಒಟ್ಟಿಗೆ ಸುರಿದು ಮಾಡುವವರಿದ್ದಾರೆ. ಅವರ ರುಚಿ ಅವರದು. ಆದರೆ ಸಿಗಡಿಗೆ ತನ್ನದೇ ಒಂದು ಸಿಹಿ ಇದೆ, ಬಂಗಡೆ, ತಾರಲೆ ಮೀನುಗಳಿಗೆ ಇಲ್ಲದ ಸಿಹಿ. ಅದನ್ನು ಮುಚ್ಚಿಹಾಕುವ ಮಸಾಲೆ ಎಷ್ಟೇ ಘಮಘಮಿಸಿದರೂ ಅದು ಸಿಗಡಿಯ ಅಡುಗೆಯಲ್ಲ ಎಂಬುದು ನನ್ನ ತೀರ್ಮಾನ.

ಅರೆದ ಮಸಾಲೆಗೆ ಚಿಪ್ಪಿನ ನೀರು ಬೆರೆಸಿ, ಉಪ್ಪು ಹಾಕಿ, ಚೆನ್ನಾಗಿ ಕುದಿಸಿ. ಹಸಿ ವಾಸನೆ ಪೂರ್ತಿ ಹೋಗಿ ಎಣ್ಣೆ ಅಂಚಿನಲ್ಲಿ ತೇಲಬೇಕು. ಇಷ್ಟಾಗುವ ತನಕ ಸಿಗಡಿ ಪಾತ್ರೆಯ ಹತ್ತಿರ ಸುಳಿಯಬಾರದು. ಎಷ್ಟೋ ಮನೆಗಳಲ್ಲಿ ತಪ್ಪುವುದು ಇಲ್ಲೇ: ಸಿಗಡಿ, ಮಸಾಲೆ ಎರಡನ್ನೂ ಒಟ್ಟಿಗೆ ಹಾಕಿ ಕುದಿಸುತ್ತಾರೆ. ಮಸಾಲೆ ಬೇಯುವ ಹೊತ್ತಿಗೆ ಸಿಗಡಿ ರಬ್ಬರಾಗಿರುತ್ತದೆ. ಕುಕ್ಕರಿಗಂತೂ ಹಾಕಲೇಬೇಡಿ.

ಈಗ ಅನ್ನ ಬಸಿಯಿರಿ. ಬಸಿದ ತಿಳಿಯನ್ನು ಚೆಲ್ಲಬೇಡಿ, ಚಿಟಿಕೆ ಉಪ್ಪು ಹಾಕಿ ಮನೆಯ ಹಿರಿಯರಿಗೂ ಮಕ್ಕಳಿಗೂ ಒಂದೊಂದು ಲೋಟ ಕೊಡಿ. ಅನ್ನದ ಪಾತ್ರೆ ಮಗುಚಿ ನೀರಿಳಿಯುತ್ತಿರಲಿ. ಎಲ್ಲರನ್ನೂ ಊಟಕ್ಕೆ ಕರೆಯಿರಿ. ಅವರು ಕೈತೊಳೆದು ಕೂತ ಮೇಲೆ ಕುದಿಯುವ ಸಾರಿಗೆ ಸಿಗಡಿ ಹಾಕಿ. ಮಧ್ಯಮ ಗಾತ್ರದ್ದಕ್ಕೆ 3 ನಿಮಿಷ, ದೊಡ್ಡದಕ್ಕೆ 5. ಗಡಿಯಾರ ಇಲ್ಲದಿದ್ದರೂ ಸಿಗಡಿಯೇ ಹೇಳುತ್ತದೆ. ಗಾಜಿನಂತಿದ್ದ ಮಾಂಸ ಹಾಲಿನಂತೆ ಬೆಳ್ಳಗಾಗಿ, ಮೈ ಕುಡುಗೋಲಿನಂತೆ ಬಾಗಿದಾಗ ಇಳಿಸಿ. ಬಾಲ ಹೋಗಿ ಕೊರಳಿಗೆ ತಾಗಿ ಸೊನ್ನೆಯಾಯಿತೋ, ಹೊತ್ತು ಮೀರಿತು. ಒಲೆ ಆರಿಸಿದ ಮೇಲೂ ಬಿಸಿ ಸಾರಿನಲ್ಲಿ ಅದು ಬೇಯುತ್ತಲೇ ಇರುತ್ತದೆ, ಹಾಗಾಗಿ ತುಸು ಮೊದಲೇ ಇಳಿಸಿದರೆ ತಪ್ಪಿಲ್ಲ. ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ.

ಸಾರು ಉಳಿದರೆ, ಅದರೊಳಗಿನ ಸಿಗಡಿಯನ್ನು ಮೊದಲು ಎತ್ತಿಟ್ಟು ಸಾರನ್ನು ಮಾತ್ರ ಕುದಿಸಿಡಿ. ಮರುದಿನ ಬೆಳಗಿನ ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ನಿಮಗೆ ಸಿಗುವುದು ಬಹುಮಟ್ಟಿಗೆ ವೆನಾಮಿ ಎಂಬ ಕೃಷಿ ಸಿಗಡಿ. ಪೆಸಿಫಿಕ್ ಸಾಗರದ ಈ ತಳಿಯನ್ನು ನಮ್ಮ ದೇಶದಲ್ಲಿ ವ್ಯಾಪಕವಾಗಿ ಬೆಳೆಸಲು 2009ರಲ್ಲಿ ಅನುಮತಿ ಸಿಕ್ಕಿತು. ಹೆಚ್ಚು ಬೆಳೆಯುವುದು ಆಂಧ್ರದಲ್ಲಿ. ಅದರಲ್ಲೂ ಈ ಸಾರು ಮಾಡಬಹುದು. ಮಂಜುಗಟ್ಟಿದ್ದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿಡಿ. ಅವಸರವಿದ್ದರೆ ಪೊಟ್ಟಣದ ಸಮೇತ ತಣ್ಣೀರಿನಲ್ಲಿ ಮುಳುಗಿಸಿಡಿ, ಬಿಸಿನೀರು ಬೇಡ. ತಲೆ, ಚಿಪ್ಪು ಇರುವುದನ್ನೇ ಕೇಳಿ ಕೊಳ್ಳಿ. ಇನ್ನೊಂದು ಎಚ್ಚರಿಕೆ: ಕೆಲವರ ಮೈಗೆ ಸಿಗಡಿ ಆಗಿಬರುವುದಿಲ್ಲ. ದದ್ದು, ತುಟಿ ಊತ, ಉಬ್ಬಸ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಚೆನ್ನಾಗಿ ಬೇಯಿಸಿದರೆ ಆ ತೊಂದರೆ ಹೋಗುತ್ತದೆ ಎಂಬುದು ಸುಳ್ಳು.

ಕರಾವಳಿಯವರಿಗೆ ಮಳೆಗಾಲದ ನೆನಪು ಮಾಡುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳಿಗಾಗಿ ನಮ್ಮ ಅಜ್ಜಿಯರು ಒಣ ಸಿಗಡಿಯನ್ನು ಡಬ್ಬಿ ತುಂಬಿಡುತ್ತಿದ್ದರು. ಹುರಿದು, ತೆಂಗಿನಕಾಯಿ ಮೆಣಸಿನ ಜೊತೆ ಚಟ್ನಿ ಮಾಡಿದರೆ ಬಿಸಿ ಗಂಜಿಗೆ ಬೇರೇನೂ ಬೇಡ. ಆ ದಿನಗಳಲ್ಲಿ ಕಳ್ಳ ದೋಣಿಯವರು ತಂದ ಸಿಗಡಿಗೆ ಆಸೆಪಡಬೇಡಿ.

ಅದೇ ಜೂನ್ ತಿಂಗಳಲ್ಲಿ ಕಗ್ಗ ಬಿತ್ತುವ ಕಾಲವೂ ಬರುತ್ತದೆ. ಗಜನಿಯಲ್ಲಿ ಪಾಲಿರುವ ನನ್ನ ಊರಿನವರೇ, ಈ ಸಲ ಒಂದು ತುಂಡು ನೆಲಕ್ಕಾದರೂ ಕಗ್ಗದ ಬೀಜ ಹಾಕಿ. ಬೀಜ ನಿಮ್ಮಲ್ಲಿಲ್ಲದಿದ್ದರೆ ಮಾಣಿಕಟ್ಟಾದ ಕಡೆ ಹೋಗಿ ಕೇಳಿ. ಪೇಟೆಯಲ್ಲಿರುವವರೇ, ಅಕ್ಕಿ ಅಂಗಡಿಯಲ್ಲಿ ಕಗ್ಗದ ಅಕ್ಕಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಮುಂದಿನ ತಿಂಗಳು ಮತ್ತೆ ಕೇಳಿ. ಕೊಳ್ಳುವವರು ಇದ್ದಾರೆಂದು ಗೊತ್ತಾದರೆ ಬೆಳೆಯುವವರು ಬಿತ್ತುತ್ತಾರೆ.